ಒಣದ್ರಾಕ್ಷಿಗೆ ಅಂಗಿ ಹೊಲಿಯುವ ವಿದ್ಯೆ: ಪ್ಯಾಕೇಜಿಂಗ್ ವಿನ್ಯಾಸದ ಓದನ್ನು ಕುರಿತು

ದ್ರಾಕ್ಷಿ ತೋಟಗಳ ಕೊಯ್ಲು ಮುಗಿದು ಶೆಡ್ಡುಗಳ ಬಲೆಗಳ ಮೇಲೆ ಗೊಂಚಲುಗಳು ಒಣಗುವ ಕಾಲಕ್ಕೆ ತಿಕೋಟಾ, ಬಬಲೇಶ್ವರ ಭಾಗದ ಭಕ್ತರು ಹೊಸ ಒಣದ್ರಾಕ್ಷಿಯನ್ನು ಶ್ರೀಮಠಕ್ಕೆ ತಂದು ಅರ್ಪಿಸುವುದು ರೂಢಿ. ಹಾಗೆ ಬಂದ ತಿಕೋಟಾ ಭಾಗದ ಹಿರಿಯ ರೈತರೊಬ್ಬರು ನಮ್ಮ ಮುಂದೆ ಎರಡು ಪೊಟ್ಟಣಗಳನ್ನಿಟ್ಟರು. ಒಂದು ಅವರ ಶೆಡ್ಡಿನದು: ಬಿಳಿಯ ಪ್ಲಾಸ್ಟಿಕ್ ಚೀಲ, ಬಾಯಿಗೆ ಕಟ್ಟಿದ ದಾರ. ಇನ್ನೊಂದು ಅವರ ಮಗಳು ದೊಡ್ಡ ಊರಿನ ಮಳಿಗೆಯಿಂದ ಕೊಂಡು ತಂದದ್ದು: ಬಣ್ಣದ ಡಬ್ಬಿ, ಅದರ ಮೇಲೊಂದು ಪಾರದರ್ಶಕ ಕಿಂಡಿ, ಕಿಂಡಿಯೊಳಗಿಂದ ಇಣುಕುವ ಹಸಿರು ಕಾಳು.

"ಕಾಳ ಎರಡೂ ಒಂದ ಅದಾವ್ರಿ ಅಪ್ಪಾರ, ಅಂಗಿ ಅಷ್ಟ ಬ್ಯಾರೆ. ದರಾ ಮಾತ್ರ ಎಲ್ಲಿಂದ ಎಲ್ಲಿಗೋ ಹೋಗೇತ್ರಿ" ಎಂದರು. ಸ್ವಲ್ಪ ತಡೆದು ಮನೆಯ ಸಂಗತಿಯನ್ನೂ ಹೇಳಿದರು. ಪಿಯುಸಿ ಮುಗಿಸಿದ ಮಗಳು ಪ್ಯಾಕೇಜಿಂಗ್ ವಿನ್ಯಾಸವನ್ನು ಓದುವೆನೆಂದು ಹಟ ಹಿಡಿದಿದ್ದಾಳೆ. ಬಂಧುಗಳು ನಗುತ್ತಿದ್ದಾರೆ. "ಅಂಗಿ ಹೊಲಿಯೂದು ಕಲಿಯಾಕ ನಾಕ್ ವರ್ಷ ಬೇಕೇನ್ರಿ?" ಎಂಬುದು ಅವರ ಪ್ರಶ್ನೆ.

ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿಯನ್ನು ಉಳಿಸಿಕೊಂಡ ಮನುಷ್ಯ ಅವರು. ಅವರ ಪ್ರಶ್ನೆಯನ್ನು ಹಗುರಾಗಿ ಕಾಣುವಂತಿರಲಿಲ್ಲ. ಇದೇ ಪ್ರಶ್ನೆ ಈ ಭಾಗದ ಇನ್ನೂ ಅನೇಕ ಮನೆಗಳಲ್ಲಿ ಇರಬಹುದೆಂದು ತಿಳಿದು, ಅವರಿಗೆ ಹೇಳಿದ್ದನ್ನು ಇಲ್ಲಿ ವಿಸ್ತರಿಸಿ ಸದ್ಭಕ್ತರೆಲ್ಲರ ಮುಂದಿಡುತ್ತಿದ್ದೇವೆ.

ಕಟ್ಟುವ ಕಾಯಕ ಹೊಸದಲ್ಲ

ಬೆಳೆದದ್ದನ್ನು ಕೆಡದಂತೆ ಕಾಯುವುದು, ಚೆಲ್ಲದಂತೆ ಸಾಗಿಸುವುದು, ಕೊಳ್ಳುವವರ ಕಣ್ಣಿಗೆ ಕಾಣುವಂತೆ ಇಡುವುದು ಎಂಬ ಮೂರು ಕೆಲಸಗಳು ಒಕ್ಕಲುತನದಷ್ಟೇ ಹಳೆಯವು. ನಮ್ಮ ಹಿರಿಯರು ನೆಲದೊಳಗೆ ಹಗೇವು ತೋಡಿ ಜೋಳವನ್ನು ವರ್ಷಗಟ್ಟಲೆ ಕಾಯುತ್ತಿದ್ದರು. ಗಾಳಿಯಾಡದ, ತೇವ ಸೇರದ ಆ ಕತ್ತಲೆಯ ಕೋಣೆಯೇ ಒಂದು ಉತ್ತಮ ಪ್ಯಾಕೇಜಿಂಗ್. ಬುತ್ತಿಯ ಗಂಟು, ಗೋಣಿಚೀಲ, ಬಿದಿರ ಬುಟ್ಟಿ, ಮಣ್ಣಿನ ಗಡಿಗೆ ಇವೆಲ್ಲವೂ ಒಳಗಿನ ವಸ್ತುವಿನ ಸ್ವಭಾವವನ್ನು ಅರಿತು ಮಾಡಿದ ಸಾಧನಗಳು.

ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ಬುಟ್ಟಿ ಹೆಣೆಯುವ ಮೇದಾರ ಕೇತಯ್ಯನವರಿದ್ದರು. ಗಡಿಗೆ ಮಾಡುವ ಕುಂಬಾರ ಗುಂಡಯ್ಯನವರ ಭಕ್ತಿಯನ್ನೂ ನಮ್ಮ ಪರಂಪರೆ ಕೊಂಡಾಡಿದೆ. ಒಬ್ಬರು ಬಿದಿರಿನಿಂದ, ಇನ್ನೊಬ್ಬರು ಮಣ್ಣಿನಿಂದ ಮಾಡಿದ್ದು ಲೋಕದ ವಸ್ತುಗಳನ್ನು ಒಳಗಿಟ್ಟುಕೊಳ್ಳುವ ಪಾತ್ರೆಗಳನ್ನೇ. ಅವರ ಕೈಕೆಲಸ ಕೀಳೆಂದು ಶರಣರು ಎಣಿಸಲಿಲ್ಲ. ಹೀಗಿರುವಾಗ ಇಂದಿನ ಮಗು ರಟ್ಟು, ಕಾಗದ, ಗಾಜುಗಳಲ್ಲಿ ಅದೇ ಕೆಲಸವನ್ನು ಕಲಿಯುವೆನೆಂದರೆ ನಗುವುದಕ್ಕೆ ಕಾರಣವಿಲ್ಲ.

ಅಂಗಡಿಯನ್ನು ಅಂದಗೊಳಿಸುವ ವಿದ್ಯೆಯೂ ನಮಗೆ ಅಪರಿಚಿತವಲ್ಲ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ವಿಜಯಪುರಕ್ಕೆ ಹೋದವರು ಕುಂಕುಮ, ಭಂಡಾರಗಳನ್ನು ಗೋಪುರದಂತೆ ಒಟ್ಟಿ ಕೂತ ವ್ಯಾಪಾರಿಗಳನ್ನು ಕಂಡಿರುತ್ತಾರೆ. ಬಳೆಯ ಅಂಗಡಿಯಲ್ಲಿ ಬಣ್ಣದಿಂದ ಬಣ್ಣಕ್ಕೆ ಸಾಲು ಹೊಂದಿಸಿದ ರೀತಿಯನ್ನೂ ಕಂಡಿರುತ್ತಾರೆ. ಯಾವ ಸರಕು ಮುಂದೆ ಇರಬೇಕು, ಯಾವುದು ಕೈಗೆಟುಕಬೇಕು, ಸಂಜೆಯ ದೀಪ ಯಾವುದರ ಮೇಲೆ ಬೀಳಬೇಕು ಎಂಬುದು ಆ ವ್ಯಾಪಾರಿಗೆ ತಂದೆಯಿಂದ ಬಂದ ತಿಳಿವಳಿಕೆ. ವಿಶ್ವವಿದ್ಯಾಲಯ ಮಾಡುವುದು ಇಂತಹ ತಿಳಿವಳಿಕೆಗೆ ಕಾರಣಗಳನ್ನು ಹುಡುಕಿ, ಅಳತೆಗಳನ್ನು ಕೊಟ್ಟು, ಯಾರು ಬೇಕಾದರೂ ಕಲಿಯುವಂತೆ ಮಾಡುವುದನ್ನು.

ಈ ಓದಿನಲ್ಲಿ ಏನಿದೆ?

ಪ್ಯಾಕೇಜಿಂಗ್ ಎಂದರೆ ಡಬ್ಬಿಯ ಮೇಲೆ ಚಿತ್ರ ಬರೆಯುವುದೆಂಬ ಭಾವನೆ ಸಾಮಾನ್ಯ. ಚಿತ್ರ ಅದರ ಒಂದು ಪಾಲು ಮಾತ್ರ. ವಿದ್ಯಾರ್ಥಿಯು ಮೊದಲು ಕಲಿಯುವುದು ವಸ್ತುಗಳ ಗುಣಗಳನ್ನು. ಕಾಗದ ಹಗುರ, ಮುದ್ರಣಕ್ಕೆ ಒಳ್ಳೆಯದು, ಆದರೆ ತೇವಕ್ಕೆ ಸೋಲುತ್ತದೆ. ಗಾಜು ಯಾವ ವಾಸನೆಯನ್ನೂ ಒಳಗೆ ಬಿಡದು, ಆದರೆ ಭಾರ ಮತ್ತು ಒಡೆಯುವ ಭಯ. ಪ್ಲಾಸ್ಟಿಕ್ ಪದರಗಳಲ್ಲಿ ಒಂದು ನೀರಾವಿಯನ್ನು ತಡೆದರೆ ಇನ್ನೊಂದು ಆಮ್ಲಜನಕವನ್ನು ತಡೆಯುತ್ತದೆ. ಆದ್ದರಿಂದ ಹಲವು ಪದರಗಳನ್ನು ಅಂಟಿಸಿ ಒಂದೇ ಹಾಳೆಯನ್ನಾಗಿ ಮಾಡುತ್ತಾರೆ. ರಟ್ಟಿನ ಪೆಟ್ಟಿಗೆಯ ಎರಡು ಹಾಳೆಗಳ ನಡುವೆ ಇರುವ ಅಲೆಯಾಕಾರದ ಕಾಗದವೇ ಅದಕ್ಕೆ ಬಲ. ಆ ಅಲೆ ಅಡ್ಡಲಾಗಿದ್ದರೆ ಪೆಟ್ಟಿಗೆ ಬೇಗ ಕುಸಿಯುತ್ತದೆ, ನೆಟ್ಟಗೆ ನಿಂತಿದ್ದರೆ ಭಾರವನ್ನು ಹೊರುತ್ತದೆ.

ಎರಡನೆಯದು ರಚನೆ. ಒಂದೇ ಹಾಳೆಯನ್ನು ಎಲ್ಲಿ ಕತ್ತರಿಸಿ, ಎಲ್ಲಿ ಮಡಚಿದರೆ ಅಂಟಿಲ್ಲದೆ ಗಟ್ಟಿಯಾದ ಡಬ್ಬಿಯಾದೀತು? ಮುದುಕರ ಕೈಗೂ ಸುಲಭವಾಗಿ ತೆರೆದೀತು? ಮೂರನೆಯದು ಪರೀಕ್ಷೆ. ತುಂಬಿದ ಪೆಟ್ಟಿಗೆಯನ್ನು ಎತ್ತರದಿಂದ ಬೀಳಿಸುತ್ತಾರೆ, ಒಂದರ ಮೇಲೊಂದು ಒಟ್ಟಿದ ಭಾರವನ್ನು ಹೇರುತ್ತಾರೆ, ಲಾರಿಯ ಕುಲುಕಾಟವನ್ನು ಯಂತ್ರದಲ್ಲಿ ಕೊಡುತ್ತಾರೆ. ನಾಲ್ಕನೆಯದು ಅಕ್ಷರ, ಬಣ್ಣ ಮತ್ತು ಮುದ್ರಣ. ಐದನೆಯದು ಕಾನೂನು, ಆರನೆಯದು ಲೆಕ್ಕ. ನೂರು ರೂಪಾಯಿಯ ಸರಕಿಗೆ ಪೊಟ್ಟಣದ ವೆಚ್ಚ ಎಷ್ಟಿರಬೇಕೆಂದು ಅರಿಯದವನು ಎಷ್ಟೇ ಸುಂದರವಾಗಿ ಬರೆದರೂ ರೈತನಿಗೆ ಉಪಕಾರಿಯಾಗಲಾರ.

ಒಂದು ಕಾಳಿನ ಸ್ವಭಾವ

ಇದನ್ನು ನಮ್ಮ ಒಣದ್ರಾಕ್ಷಿಯಿಂದಲೇ ತಿಳಿಯೋಣ. ಸುಮಾರು ನಾಲ್ಕು ಕಿಲೊ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೊ ಒಣದ್ರಾಕ್ಷಿ. ಕಾಳಿನ ಮೇಲಿನ ಮೇಣದ ಪದರವನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ ಸಡಿಲಿಸುತ್ತಾರೆ. ಬಿಸಿಲು ನೇರವಾಗಿ ತಾಗದ ಶೆಡ್ಡಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ಎರಡು ಮೂರು ವಾರ ಒಣಗಿಸುತ್ತಾರೆ. ಬಣ್ಣ ನಿಲ್ಲಲೆಂದು ಗಂಧಕದ ಹೊಗೆ ಕೊಡುವುದೂ ಉಂಟು. ಒಣಗಿದ ಮೇಲೂ ಕಾಳಿನಲ್ಲಿ ಸುಮಾರು 15 ಶೇಕಡಾ ತೇವ ಉಳಿದಿರುತ್ತದೆ, ಉಳಿದಿರಲೂ ಬೇಕು.

ಇಲ್ಲಿಂದಾಚೆಗೆ ಪೊಟ್ಟಣದ ಕೆಲಸ. ಮಳೆಗಾಲದ ಗಾಳಿಯಿಂದ ತೇವ ಒಳಸೇರಿದರೆ ಕಾಳು ಅಂಟಾಗಿ ಬೂಸಲು ಹಿಡಿಯುತ್ತದೆ. ತೇವ ಹೊರಹೋದರೆ ಕಾಳು ಗಟ್ಟಿಯಾಗುತ್ತದೆ, ಸಕ್ಕರೆ ಹರಳುಗಟ್ಟುತ್ತದೆ. ಹುಳು ಸೇರದಂತೆ ಬಾಯಿ ಭದ್ರವಾಗಿರಬೇಕು. ಬೆಳಕು ಮತ್ತು ಬಿಸಿ ಹೆಚ್ಚಿದರೆ ಹಸಿರು ಕಾಳು ಕಂದಾಗುತ್ತದೆ. ಆದರೆ ಕೊಳ್ಳುವವರಿಗೆ ಆ ಹಸಿರು ಬಣ್ಣವನ್ನು ಕಣ್ಣಾರೆ ನೋಡುವ ಆಸೆ! ಕಿಂಡಿಯಿಲ್ಲದಿದ್ದರೆ ಗಿರಾಕಿ ಕೊಳ್ಳನು, ಕಿಂಡಿ ದೊಡ್ಡದಾದರೆ ಕಾಳು ಕೆಡುವುದು. ಕಿಂಡಿ ಎಷ್ಟಿರಬೇಕು, ಡಬ್ಬಿಯ ಯಾವ ಬದಿಗಿರಬೇಕು, ಅಂಗಡಿಯ ದೀಪ ಅದರ ಮೇಲೆ ಎಷ್ಟು ಬೀಳುತ್ತದೆ ಎಂದು ಯೋಚಿಸಿ ನಿರ್ಧರಿಸುವುದೇ ವಿನ್ಯಾಸ. ಆ ಹಿರಿಯರು ತಂದಿದ್ದ ಡಬ್ಬಿಯ ಪುಟ್ಟ ಕಿಂಡಿಯ ಹಿಂದೆ ಇಷ್ಟು ವಿಚಾರವಿದೆಯೆಂದು ತಿಳಿದಾಗ ಅವರು ಅದನ್ನು ಮತ್ತೊಮ್ಮೆ ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

ಹಸಿ ದ್ರಾಕ್ಷಿಯ ಕಥೆಯೂ ಹೀಗೆಯೇ. ಪರದೇಶಕ್ಕೆ ಹೋಗುವ ಗೊಂಚಲುಗಳನ್ನು ಪುಟ್ಟ ಪಾರದರ್ಶಕ ಡಬ್ಬಿಗಳಲ್ಲಿಟ್ಟು, ಗಾಳಿಗೆ ತೂತುಗಳಿರುವ ರಟ್ಟಿನ ಪೆಟ್ಟಿಗೆಯಲ್ಲಿ ಹೊಂದಿಸುತ್ತಾರೆ. ಬೂಸಲು ಬಾರದಂತೆ ನಿಧಾನವಾಗಿ ಗಂಧಕದ ಡೈಆಕ್ಸೈಡ್ ಬಿಡುವ ತೆಳುವಾದ ಹಾಳೆಯನ್ನು ಮೇಲೆ ಹೊದಿಸುತ್ತಾರೆ. ವಾರಗಟ್ಟಲೆ ಹಡಗಿನಲ್ಲಿ ಸಾಗಿದ ಮೇಲೂ ತೊಟ್ಟು ಹಸಿರಾಗಿಯೇ ಉಳಿಯುವುದಕ್ಕೆ ತಂಪಿನಷ್ಟೇ ಆ ಪೆಟ್ಟಿಗೆಯೂ ಕಾರಣ.

ನಮ್ಮ ತಾಯಂದಿರು ಮಾಡುವ ಜೋಳದ ಖಡಕ್ ರೊಟ್ಟಿಗೆ ಬೇರೆಯೇ ತೊಂದರೆ. ಅದು ಒಡೆಯಬಾರದು, ಮೆತ್ತಗೂ ಆಗಬಾರದು. ಶೇಂಗಾ ಚಟ್ನಿಗೆ ಇನ್ನೊಂದು: ಎಣ್ಣೆ ಕಾಗದಕ್ಕೆ ಇಳಿಯಬಾರದು, ಗಾಳಿ ತಾಗಿ ಕಮಟು ವಾಸನೆ ಬರಬಾರದು. ಸ್ವಸಹಾಯ ಸಂಘಗಳ ತಾಯಂದಿರು ರೊಟ್ಟಿಯ ರುಚಿಯಲ್ಲಿ ಯಾರಿಗೂ ಕಡಿಮೆಯಲ್ಲ. ದೂರದ ಊರಿಗೆ ಕಳುಹಿದಾಗ ಅರ್ಧ ಪುಡಿಯಾಯಿತೆಂಬ ದೂರನ್ನು ಕೇಳಿ ಅವರು ನೊಂದುಕೊಳ್ಳುತ್ತಾರೆ. ಆ ನೋವಿಗೆ ಮದ್ದು ಈ ವಿದ್ಯೆಯಲ್ಲಿದೆ.

ಅಂಗಡಿಯ ಮಾತು

ಪೊಟ್ಟಣ ಸಿದ್ಧವಾದ ಮೇಲೆ ಅದು ಅಂಗಡಿಯಲ್ಲಿ ನಿಲ್ಲಬೇಕು. ಮಳಿಗೆಯ ಪ್ರದರ್ಶನ ವಿನ್ಯಾಸವೆಂಬ ಓದು ಇಲ್ಲಿ ಆರಂಭವಾಗುತ್ತದೆ. ಗಿರಾಕಿ ಯಾವ ಬಾಗಿಲಿನಿಂದ ಬಂದು ಯಾವ ಕಡೆಗೆ ತಿರುಗುತ್ತಾನೆ, ಕಣ್ಣಿನ ಮಟ್ಟದ ಕಪಾಟಿನಲ್ಲಿ ಏನಿರಬೇಕು, ಭಾರದ ಚೀಲ ಕೆಳಗಿರಬೇಕೆ, ಜೊತೆಯಾಗಿ ಬಳಸುವ ಸರಕುಗಳು ಹತ್ತಿರವಿವೆಯೆ, ಬೆಲೆಯ ಚೀಟಿ ಕನ್ನಡಕವಿಲ್ಲದೆ ಓದಬರುತ್ತದೆಯೆ ಎಂಬವು ಇಲ್ಲಿನ ಪ್ರಶ್ನೆಗಳು. ಮೊದಲು ಬಂದ ಸರಕು ಮೊದಲು ಮಾರಾಟವಾಗುವಂತೆ ಜೋಡಿಸದಿದ್ದರೆ ಹಿಂದಿನ ಸಾಲಿನಲ್ಲಿ ಮಾಲು ಕೊಳೆಯುತ್ತದೆ. ವಿಜಯಪುರದ ಗಾಂಧಿ ಚೌಕದ ಸುತ್ತಲಿನ ಕಿರಾಣಿ ಅಂಗಡಿಗೂ, ಮಹಾನಗರದ ಮಾಲಿಗೂ ಈ ನಿಯಮಗಳು ಒಂದೇ.

ಈ ವಿದ್ಯೆಗೆ ಮೋಸದ ಮುಖವೂ ಇದೆ. ಮಕ್ಕಳ ಕೈಗೆಟುಕುವಂತೆ ಬಿಲ್ಲು ಕೊಡುವ ಸ್ಥಳದಲ್ಲಿ ಸಿಹಿಯನ್ನಿಟ್ಟು ತಾಯಂದಿರನ್ನು ಇಕ್ಕಟ್ಟಿಗೆ ಸಿಕ್ಕಿಸುವುದೂ ಇದೇ ಜಾಣತನ. ದೊಡ್ಡ ಡಬ್ಬಿಯಲ್ಲಿ ಅರ್ಧ ಗಾಳಿ ತುಂಬುವುದೂ, ಕಿಂಡಿಯ ಹತ್ತಿರ ದಪ್ಪ ಕಾಳನ್ನಿಟ್ಟು ಒಳಗೆ ಸಣ್ಣ ಕಾಳನ್ನು ಅಡಗಿಸುವುದೂ ಇದೇ ಜಾಣತನ. ಕಲಿಯುವ ಮಗುವಿಗೆ ಇವೆರಡರ ನಡುವಿನ ಗೆರೆಯನ್ನು ಮನೆಯಲ್ಲಿಯೇ ತೋರಿಸಬೇಕು. ಒಳಗಿರುವುದನ್ನು ಇರುವಂತೆ ಹೇಳುವುದು ಕಾಯಕ, ಇಲ್ಲದ್ದನ್ನು ಇದೆಯೆಂದು ತೋರಿಸುವುದು ಕಳವು.

ಚೀಟಿಯ ಮೇಲಿನ ಸತ್ಯ

ಈ ಗೆರೆಯನ್ನು ಕಾನೂನು ಕೂಡ ಒಂದಿಷ್ಟು ಎಳೆದಿದೆ. 2011ರ ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸರಕು ನಿಯಮಗಳ ಪ್ರಕಾರ ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ದೂರು ಹೇಳಬೇಕಾದ ವಿಳಾಸ ಮೊದಲಾದವು ಪೊಟ್ಟಣದ ಮೇಲಿರಬೇಕು. ಆಹಾರವಾದರೆ 2020ರ ಲೇಬಲಿಂಗ್ ನಿಯಮಗಳಂತೆ ಒಳಗಿನ ಪದಾರ್ಥಗಳ ಪಟ್ಟಿ, ಎಫ್‌ಎಸ್‌ಎಸ್‌ಎಐ ಸಂಖ್ಯೆ, ಯಾವ ದಿನಾಂಕದವರೆಗೆ ಬಳಸಬಹುದೆಂಬ ಸೂಚನೆ, ಸಸ್ಯಾಹಾರಕ್ಕೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಬೇಕು. ಗಂಧಕದ ಸಂಸ್ಕಾರವಾದ ಒಣದ್ರಾಕ್ಷಿಯಲ್ಲಿ ಸಲ್ಫೈಟ್ ಕಿಲೊಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನೂ ಬರೆಯಬೇಕು. ಉಬ್ಬಸವಿರುವ ಕೆಲವರಿಗೆ ಅದು ಆಗದು. ಆ ಒಂದು ಸಾಲನ್ನು ಅಡಗಿಸಿದರೆ ಯಾರದೋ ಉಸಿರಿಗೆ ಕುತ್ತು.

ಈ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕೆಂದು ಕೇಂದ್ರದ ಆಹಾರ ನಿಯಮ ಹೇಳುತ್ತದೆ. ಜೊತೆಗೆ ಬೇರೆ ಭಾಷೆಯಲ್ಲಿ ಬರೆಯುವುದಕ್ಕೂ ಅವಕಾಶವಿದೆ. ಅಂದವಾದ, ಚಿಕ್ಕ ಗಾತ್ರದಲ್ಲೂ ತಿಳಿಯಾಗಿ ಓದಬರುವ ಕನ್ನಡ ಅಕ್ಷರಗಳನ್ನು ಪೊಟ್ಟಣದ ಮೇಲೆ ಹೊಂದಿಸಲು ಒತ್ತು, ದೀರ್ಘಗಳನ್ನು ಬಲ್ಲ ವಿನ್ಯಾಸಕರೇ ಬೇಕು. ಈ ಕೆಲಸವನ್ನು ಕನ್ನಡದ ಮಕ್ಕಳು ಮಾಡದಿದ್ದರೆ ಬೇರೆ ಯಾರು ಮಾಡಿಯಾರು?

ಎಲ್ಲಿ ಓದಬಹುದು?

ಪಿಯುಸಿ ಆದ ಮೇಲೆ ವಿನ್ಯಾಸದ ನಾಲ್ಕು ವರ್ಷದ ಪದವಿಗೆ ಪ್ರವೇಶ ಪರೀಕ್ಷೆಗಳಿವೆ. ಐಐಟಿ ಮುಂಬಯಿ ನಡೆಸುವ ಯುಸೀಡ್ ಒಂದು. 1961ರಲ್ಲಿ ಅಹಮದಾಬಾದಿನಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ, ತನ್ನದೇ ಪರೀಕ್ಷೆ ನಡೆಸುತ್ತದೆ. ಗ್ರಾಫಿಕ್ ವಿನ್ಯಾಸ ಮತ್ತು ವಸ್ತು ವಿನ್ಯಾಸ ಓದುವವರು ಪ್ಯಾಕೇಜಿಂಗಿನ ಕಡೆಗೆ ಬರಬಹುದು. ಅದರ ಬೆಂಗಳೂರು ಆವರಣದಲ್ಲಿ ಚಿಲ್ಲರೆ ಮಳಿಗೆಗಳ ವಿನ್ಯಾಸಕ್ಕೆಂದೇ ಸ್ನಾತಕೋತ್ತರ ಓದು ಬೆಳೆದಿದೆ. ಬೆಂಗಳೂರಿನ ನಿಫ್ಟ್ ಸಂಸ್ಥೆಯ ಫ್ಯಾಷನ್ ಕಮ್ಯುನಿಕೇಶನ್ ವಿಭಾಗದಲ್ಲಿ ಮಳಿಗೆಯ ಪ್ರದರ್ಶನವೂ ಪಾಠವಾಗಿದೆ. ಹೆಚ್ಚಿನ ವಿನ್ಯಾಸ ಪದವಿಗಳಿಗೆ ಕಲೆ, ವಾಣಿಜ್ಯ, ವಿಜ್ಞಾನ ಯಾವ ವಿಭಾಗದವರೂ ಅರ್ಜಿ ಹಾಕಬಹುದು. ಪರೀಕ್ಷೆಯಲ್ಲಿ ನೋಡುವುದು ಗಮನಿಸುವ ಕಣ್ಣು, ಕೈಯ ಹದ ಮತ್ತು ವಿಚಾರ.

ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿ ಪಡೆದವರಿಗೆ ಇನ್ನೊಂದು ದಾರಿ ಇದೆ. 1966ರಲ್ಲಿ ಸ್ಥಾಪನೆಯಾದ ಭಾರತೀಯ ಪ್ಯಾಕೇಜಿಂಗ್ ಸಂಸ್ಥೆ ಮುಂಬಯಿಯಲ್ಲಿದ್ದು, ಹೈದರಾಬಾದ್, ಚೆನ್ನೈ ಮೊದಲಾದ ಕಡೆ ಕೇಂದ್ರಗಳನ್ನು ಹೊಂದಿದೆ. ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾವಲ್ಲದೆ ಅಲ್ಪಾವಧಿಯ ಕೋರ್ಸುಗಳೂ, ಪೆಟ್ಟಿಗೆಗಳನ್ನು ಪರೀಕ್ಷಿಸುವ ಪ್ರಯೋಗಾಲಯಗಳೂ ಅಲ್ಲಿವೆ. ಮೈಸೂರಿನಲ್ಲಿ 1950ರಿಂದ ಇರುವ ಸಿಎಫ್‌ಟಿಆರ್‌ಐ ಆಹಾರದ ಪ್ಯಾಕೇಜಿಂಗಿನಲ್ಲಿ ಆಳವಾದ ಸಂಶೋಧನೆ ನಡೆಸಿದೆ. ನಮ್ಮ ನೆರೆಯ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ಕೊಯ್ಲೋತ್ತರ ತಂತ್ರಜ್ಞಾನ ಕಲಿಯಬಹುದು. ಮನೆಯಲ್ಲಿಯೇ ಉದ್ಯಮ ಕಟ್ಟುವವರಿಗೆ ಕೇಂದ್ರ ಸರಕಾರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಅರ್ಹ ಯೋಜನಾ ವೆಚ್ಚದ 35 ಶೇಕಡಾ, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ ಸಾಲಕ್ಕೆ ಹೊಂದಿಕೊಂಡ ಸಹಾಯಧನವನ್ನು ನೀಡಲಾಗಿದೆ.

ತಂದೆ ತಾಯಂದಿರಿಗೆ ಒಂದು ಎಚ್ಚರಿಕೆ. ವಿನ್ಯಾಸದ ಓದು ಅಗ್ಗವಲ್ಲ. ಹೊಲ ಮಾರುವ ಮೊದಲು ವಿದ್ಯಾರ್ಥಿವೇತನ, ಬ್ಯಾಂಕಿನ ಶಿಕ್ಷಣ ಸಾಲಗಳನ್ನು ವಿಚಾರಿಸಿರಿ. ಹೊಳೆಯುವ ಜಾಹೀರಾತು ಕೊಡುವ ಕಾಲೇಜುಗಳು ಅನೇಕ ಇವೆ. ಅಲ್ಲಿ ಕಾರ್ಯಾಗಾರವಿದೆಯೆ, ಪರೀಕ್ಷಾ ಯಂತ್ರಗಳಿವೆಯೆ, ಓದಿ ಹೊರಬಂದವರು ಈಗ ಏನು ಮಾಡುತ್ತಿದ್ದಾರೆ ಎಂದು ಹೋಗಿ ನೋಡಿ ಬನ್ನಿರಿ. ಪೊಟ್ಟಣದ ಬಣ್ಣ ನೋಡಿ ಸರಕು ಕೊಳ್ಳಬಾರದೆಂಬ ಮಾತು ಕಾಲೇಜುಗಳಿಗೂ ಸಲ್ಲುತ್ತದೆ.

ಬೇಕಾದಷ್ಟೇ ಹೊದಿಕೆ

ಓದುವ ಮಕ್ಕಳಿಗೂ ಒಂದು ಮಾತು ಹೇಳಬೇಕಾಗಿದೆ. ಹಬ್ಬದ ಮರುದಿನ ಬೀದಿಯಲ್ಲಿ ಬಿದ್ದಿರುವುದರಲ್ಲಿ ಹೆಚ್ಚಿನದು ಪೊಟ್ಟಣವೇ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಲ್ಲಿ ನಿಷೇಧಿಸಲಾಗಿದೆ. ಆದರೂ ಡಬ್ಬಿಯೊಳಗೆ ಡಬ್ಬಿ, ಅದರೊಳಗೆ ಚೀಲ ಎಂಬ ಅಭ್ಯಾಸ ನಿಂತಿಲ್ಲ. ಹಲವು ಪದರಗಳನ್ನು ಅಂಟಿಸಿದ ಚೀಲ ಕಾಳನ್ನು ಚೆನ್ನಾಗಿ ಕಾಯುತ್ತದೆ ನಿಜ, ಆದರೆ ಆ ಪದರಗಳನ್ನು ಬಿಡಿಸಿ ಮತ್ತೆ ಬಳಸುವುದು ಬಹಳ ಕಷ್ಟ. ಕಾಯಲು ಎಷ್ಟು ಬೇಕೋ ಅಷ್ಟು ಮಾತ್ರ ಹೊದಿಸುವುದನ್ನು ಕಲಿಯುವವರು ಧ್ಯೇಯವಾಗಿ ಇಟ್ಟುಕೊಳ್ಳಬೇಕು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಪತಿ ಮಾರಯ್ಯನವರಿಗೆ ಅದನ್ನು ಮರಳಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ನಮ್ಮ ಮನೆಗಳ ಮಕ್ಕಳು ಕೇಳಿಯೇ ಬೆಳೆದಿದ್ದಾರೆ. ಆ ವಿವೇಕ ವಿನ್ಯಾಸಕನ ಮೇಜಿನ ಮೇಲೂ ಇರಲಿ.

ಊರಿನ ಹೆಸರು

ನಮ್ಮ ಒಣದ್ರಾಕ್ಷಿ ಬಹುಪಾಲು ದೊಡ್ಡ ಪೆಟ್ಟಿಗೆಗಳಲ್ಲಿ ಸಗಟು ಮಾರುಕಟ್ಟೆಗೆ ಹೋಗುತ್ತದೆ. ವಿಜಯಪುರದಲ್ಲಿ, ಇಲ್ಲವೆ ನೆರೆಯ ಸಾಂಗಲಿ, ತಾಸಗಾಂವಗಳಲ್ಲಿ ಹರಾಜಾಗುತ್ತದೆ. ಅಲ್ಲಿಂದ ಯಾರದೋ ಡಬ್ಬಿಯೊಳಗೆ ಸೇರಿದಾಗ ತಿಕೋಟಾ, ಬಬಲೇಶ್ವರಗಳ ಹೆಸರು ಕಳಚಿಹೋಗುತ್ತದೆ. ಕೊಳ್ಳುವವರು ಬಣ್ಣ, ರುಚಿ ನೋಡಿ ಮೆಚ್ಚುತ್ತಾರೆ, ಬೆಳೆದವರು ಯಾರೆಂದು ಅರಿಯರು. ನಮ್ಮದೇ ಜಿಲ್ಲೆಯ ಇಂಡಿಯ ನಿಂಬೆ ಭೌಗೋಳಿಕ ಗುರುತನ್ನು ಪಡೆದಿದೆ. ಆದರೆ ಗುರುತಿನ ಪತ್ರ ಬಂದರೆ ಸಾಲದು, ಅದು ಗಿರಾಕಿಯ ಕೈಯಲ್ಲಿರುವ ಪೊಟ್ಟಣದ ಮೇಲೆ ಕಾಣಬೇಕು.

ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಊರೂರು ತಿರುಗಿ ವಚನಗಳ ತಾಡೋಲೆ ಕಟ್ಟುಗಳನ್ನು ಸಂಗ್ರಹಿಸಿದರು. ಆ ಕಟ್ಟುಗಳೊಳಗೆ ಅಮೃತವೇ ಇದ್ದರೂ ಜನರ ಕೈಗೆ ಅದು ತಲುಪಿರಲಿಲ್ಲ. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ಮರುವರ್ಷ ಶಿವಾನುಭವ ಪತ್ರಿಕೆಯನ್ನು ಆರಂಭಿಸಿ, ಅಚ್ಚಿನ ಅಕ್ಷರದಲ್ಲಿ ಅದನ್ನು ಮನೆಮನೆಗೆ ಮುಟ್ಟಿಸಿದರು. ವಚನಕ್ಕೂ ಒಣದ್ರಾಕ್ಷಿಗೂ ಹೋಲಿಕೆಯಿಲ್ಲ. ಆದರೆ ಒಳಗಿರುವುದು ಎಷ್ಟು ಒಳ್ಳೆಯದಾದರೂ ಅದನ್ನು ಕೆಡದಂತೆ, ತಿಳಿಯುವಂತೆ ತಲುಪಿಸುವವರು ಬೇಕೆಂಬುದನ್ನು ಇದೇ ನೆಲದಲ್ಲಿ ಅವರು ತೋರಿಸಿಕೊಟ್ಟಿದ್ದಾರೆ.

ಇಷ್ಟನ್ನು ಕೇಳಿದ ಆ ಹಿರಿಯರು ಬಹಳ ಹೊತ್ತು ಸುಮ್ಮನಿದ್ದರು. "ಹಂಗಾದ್ರ ಓದಲಿ ಬಿಡ್ರಿ. ಆದ್ರ ಓದಿ ಬ್ಯಾರೆದವರ ಡಬ್ಬಿ ಮಾಡ್ಕೋತ ಕುಂತ್ರ?" ಎಂದು ಕೇಳಿದರು. ಅದು ನಾವು ಉತ್ತರಿಸುವ ಪ್ರಶ್ನೆಯಲ್ಲ. ಮಗಳು ಮರಳಿ ಬರುವ ದಿನ ಅವಳ ಮಾತಿಗೆ ಊರಿನಲ್ಲಿ ಬೆಲೆಯಿರಬೇಕು. ಶೆಡ್ಡಿನ ಪಕ್ಕದಲ್ಲಿ ನಾಲ್ಕು ರೈತರು ಕೂಡಿ ಕಾಳು ಆರಿಸಿ, ತೂಗಿ, ಕಟ್ಟುವ ಒಂದು ಕೋಣೆಯಾದರೂ ಇರಬೇಕು. ಅವಳು ಓದುವ ನಾಲ್ಕು ವರ್ಷಗಳಲ್ಲಿ ಅದನ್ನು ಸಿದ್ಧಮಾಡುವುದು ನಮ್ಮ ನಿಮ್ಮೆಲ್ಲರ ಕೆಲಸ.

ಹೊರಡುವಾಗ ಅವರು ದಾರ ಕಟ್ಟಿದ ಚೀಲವನ್ನು ದಾಸೋಹಕ್ಕೆ ಕೊಟ್ಟು, ಖಾಲಿ ಮಾಡಿದ ಬಣ್ಣದ ಡಬ್ಬಿಯನ್ನು ಮಾತ್ರ ಜೋಪಾನವಾಗಿ ಮಡಚಿ ಮಗಳಿಗೆಂದು ಒಯ್ದರು.